ಬಂದೂಕು ಹೊಳೆದ ಸುದ್ದಿ

ಭಾನುವಾರ, ಹದಿನಾರನೇ ತಾರೀಖು

ಪ್ರೀತಿಯ ಗುಂಡುವಿಗೆ,

ನಿನ್ನ ಮರದ ಮಾವನ ತುಂಬು ಮನಸ್ಸಿನ ಆಶೀರ್ವಾದ. ನೀನು, ಅಳಿಯಂದಿರು, ಮಗು ಎಲ್ಲರೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ನಿನ್ನ ಕಾಗದಕ್ಕೆ ಉತ್ತರ ಬರೆಯಲು ತಡವಾಯಿತು, ಬೈಯಬೇಡ. ಬೆರಳಿಗೆ ಉಳಿ ತಾಗಿತ್ತು ಎಂದು ನೆಪ ಹೇಳಬಹುದಿತ್ತು. ಬಡಗಿಗೆ ಅದೊಂದು ಅನುಕೂಲ, ಯಾವಾಗ ನೋಡಿದರೂ ಯಾವುದಾದರೊಂದು ಬೆರಳಿಗೆ ಗಾಯ ಇದ್ದೇ ಇರುತ್ತದೆ. ಆದರೆ ನಿಜ ಅದಲ್ಲ. ಬರೆಯಲು ಕೂರುವುದು, ‘ಪ್ರೀತಿಯ ಗುಂಡುವಿಗೆ’ ಎಂದು ಬರೆಯುವುದು, ಎದ್ದು ಹೋಗಿ ಯಾವುದೋ ಹಲಗೆಗೆ ಉಜ್ಜುಗೊರಡು ಹಾಕುವುದು, ಇದೇ ಆಯಿತು. ಶೆಡ್ಡಿನಲ್ಲಿ ಹೆರೆಪುಡಿ ಮೊಣಕಾಲುದ್ದ ಬಿದ್ದಿದೆ, ಕಾಗದ ಮಾತ್ರ ಮುಂದೆ ಹೋಗಲಿಲ್ಲ.

ಫೋನ್ ಮಾಡಬಹುದಿತ್ತಲ್ಲ ಮಾವ ಎನ್ನುತ್ತೀಯ. ನನ್ನ ಕಿವಿಯ ಕಥೆ ನಿನಗೆ ಗೊತ್ತೇ ಇದೆ. ಅರ್ಧ ಗರಗಸದ ಯಂತ್ರ ತಿಂದಿತು, ಉಳಿದರ್ಧ ವಯಸ್ಸು ತಿನ್ನುತ್ತಿದೆ. ಅದಕ್ಕೇ ಅಲ್ಲವೇ ಈ ಕಾಲದಲ್ಲೂ ನೀನು ನನಗೊಬ್ಬನಿಗೆ ಕಾಗದ ಬರೆಯುವುದು. ಅದೂ ಅಲ್ಲದೆ ಈ ಸುದ್ದಿ ಬೀದಿಗೆಲ್ಲ ಕೇಳುವ ಹಾಗೆ ಕೂಗಿ ಹೇಳುವಂಥದ್ದಲ್ಲ.

ನಿನ್ನ ಕಾಗದವನ್ನು ಎಷ್ಟು ಸಲ ಓದಿದೆನೋ. “ಅಮ್ಮ ಫೋಟೋ ಕಳಿಸಿದ್ದಾಳೆ ಮಾವ, ಅಪ್ಪನ ಕೈಯಲ್ಲಿ ಮುದುಕಿ ಬಂದೂಕು ಕನ್ನಡಿ ಹಾಗೆ ಹೊಳೀತಿದೆ, ಅಪ್ಪ ನಗ್ತಿದ್ದಾರೆ” ಎಂದು ಬರೆದಿದ್ದೀಯ. ಎಂಟು ತಿಂಗಳು ಸುಮ್ಮನೆ ಕಿಟಕಿಯ ಬಳಿ ಕೂತಿದ್ದ ಅಪ್ಪ ಮತ್ತೆ ಕೆಲಸಕ್ಕೆ ಕೂತರಲ್ಲ ಎಂದು ನಿನ್ನ ಶಾಲೆಯ ಉಳಿದ ಮೇಷ್ಟರುಗಳ ಎದುರಿಗೇ ಸಂತೋಷಕ್ಕೆ ಅತ್ತುಬಿಟ್ಟೆ ಎಂದಿದ್ದೀಯ. ಇನ್ನು ಗಾಬರಿ ಇಲ್ಲ, ಈಗ ರಜೆ ಹಾಕುವುದಿಲ್ಲ, ಮಕ್ಕಳ ಪರೀಕ್ಷೆ ಮುಗಿಸಿ ಬೇಸಿಗೆ ರಜೆಯಲ್ಲಿ ಆರಾಮವಾಗಿ ಬರುತ್ತೇನೆ ಎಂದಿದ್ದೀಯ. ಆ ಒಂದು ಸಾಲಿಗಾಗಿ ಈ ಕಾಗದ.

ಮಗಳೇ, ಆ ಫೋಟೋ ಒಳ್ಳೆಯ ಸುದ್ದಿಯಲ್ಲ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಮಕ್ಕಳಿಗೆ ಹೇಳುತ್ತೇವೆ. ನಿನಗೆ ಹೇಳಬೇಕಾಗಿ ಬಂತಲ್ಲ ಎಂದು ಹೊಟ್ಟೆ ಉರಿಯುತ್ತಿದೆ. ಬೇಸಿಗೆಯವರೆಗೆ ಕಾಯಬೇಡ. ಯಾಕೆ ಎಂದು ಬಿಡಿಸಿ ಬರೆಯುತ್ತೇನೆ, ಸ್ವಲ್ಪ ತಾಳ್ಮೆಯಿಂದ ಓದು. ಮುದುಕರ ಮಾತು ಯಾವಾಗಲೂ ಊರು ಸುತ್ತಿಕೊಂಡೇ ಮನೆ ಸೇರುವುದು.

ನಿನ್ನ ಅಪ್ಪನಿಗೂ ನನಗೂ ಈ ಹಳೆಯ ಬಂದೂಕಿನ ಹುಚ್ಚು ಹತ್ತಿದ್ದು ನೀನು ಹುಟ್ಟುವುದಕ್ಕೂ ಮುಂಚೆ. ಕಬ್ಬಿಣ ಅವನದು, ಮರ ನನ್ನದು. ಗುಜರಿಯವನ ಅಂಗಡಿಯಲ್ಲಿ ಇಬ್ಬರೂ ಒಂದೇ ತುಂಡಿಗೆ ಕೈ ಹಾಕಿ, ಬಿಡದೆ ಎಳೆದಾಡಿ, ಕೊನೆಗೆ ನಳಿಗೆ ಅವನ ಕೈಯಲ್ಲೂ ಹುಳು ತಿಂದ ಹಿಡಿ ನನ್ನ ಕೈಯಲ್ಲೂ ಉಳಿಯಿತು. ಅಲ್ಲಿಂದಾಚೆ ಜೊತೆ ಬಿಟ್ಟಿಲ್ಲ. ಗುಂಡು ಹಾರಿಸುವ ಬಂದೂಕು ನಮಗೆ ಯಾವತ್ತೂ ಬೇಕಿರಲಿಲ್ಲ. ನಳಿಗೆಯ ಬಾಯಿಯಿಂದ ಮದ್ದು ತುಂಬುತ್ತಿದ್ದ ಕಾಲದವು, ತುಕ್ಕು ತಿಂದು ಯಾವುದು ಮದ್ದಿಗೆ ಬಡಿಯುವ ಕುದುರೆ ಯಾವುದು ಬೀಗ ಎಂದು ತಿಳಿಯದ ಹಾಗೆ ಅಂಟಿಕೊಂಡವು, ಅಂಥವೇ ಬೇಕು. ದರ್ಜಿಯ ಅಂಗಡಿಯ ಮೇಲಿನ ಆ ಎರಡೂವರೆ ಕೋಣೆಯ ಮನೆಯಲ್ಲಿ ಮುಂದಿನ ಗೋಡೆಯೆಲ್ಲ ಬಂದೂಕು, ಹಿಂದಿನ ಕೋಣೆಯೆಲ್ಲ ಸೀಮೆಎಣ್ಣೆ ವಾಸನೆ. ನಿನ್ನ ಅಮ್ಮ ಹೇಳುತ್ತಿದ್ದಳಲ್ಲ, “ಹುಚ್ಚು ಬಿಡದೆ ಮದುವೆ ಆಗಲ್ಲ, ಮದುವೆ ಆಗದೆ ಹುಚ್ಚು ಬಿಡಲ್ಲ ಅಂತಾರೆ. ನಿಮ್ಮ ಭಾವನಿಗೆ ಮದುವೆಯೂ ಆಯ್ತು, ಹುಚ್ಚೂ ಉಳೀತು ನೋಡಿ ಅಣ್ಣಾ.” ಅವಳು ನನ್ನನ್ನು ಅಣ್ಣ ಎಂದಳು, ನೀನು ಮಾವ ಎಂದೆ, ಬಂಧುಬಳಗ ಹಾಗೇ ಬೆಳೆಯಿತು. ಊರಿನವರು ಅವನಿಗೆ ತುಕ್ಕಣ್ಣ ಎಂದು ಹೆಸರಿಟ್ಟರು. ಅದಕ್ಕೂ ಅವನು ಹಿಗ್ಗಿದ.

ನಿನ್ನ ಅಪ್ಪನಿಗೆ ಎರಡು ನಿಯಮ ಇದ್ದವು. ಮೊದಲನೆಯದು ಕಡ್ಡಿ. ಯಾವ ಬಂದೂಕು ಬಂದರೂ, ಅದು ಎಷ್ಟೇ ಮುದಿಯಾಗಿರಲಿ, ಮೊದಲು ನಳಿಗೆಯೊಳಗೆ ಮರದ ಕಡ್ಡಿ ಇಳಿಸಬೇಕು. ತಳ ಮುಟ್ಟಿದಾಗ ಬಾಯಿಯ ಹತ್ತಿರ ಹೆಬ್ಬೆರಳಿಟ್ಟು ಗುರುತು ಹಿಡಿದು, ಕಡ್ಡಿಯನ್ನು ಹೊರಗೆ ತೆಗೆದು ನಳಿಗೆಯ ಪಕ್ಕದಲ್ಲಿಟ್ಟು ಅಳೆಯಬೇಕು. ಕಡ್ಡಿ ಗಿಡ್ಡವಾಯಿತೆಂದರೆ ಒಳಗೆ ಯಾರೋ ತುಂಬಿ ಮರೆತ ಮದ್ದು ಇನ್ನೂ ಕೂತಿದೆ ಎಂದರ್ಥ. “ತುಂಬಿದವನು ಸತ್ತು ಮಣ್ಣಾಗಿರ್ತಾನೆ, ಮದ್ದಿಗೆ ಅದು ಗೊತ್ತಿರಲ್ಲ” ಎನ್ನುತ್ತಿದ್ದ.

ಎರಡನೆಯದು ನಿನಗೂ ಬಾಯಿಪಾಠ ಇತ್ತು: ಕೆಂಪನ್ನು ಓಡಿಸು, ಕಪ್ಪನ್ನು ಮುಟ್ಟಬೇಡ. ಕೆಂಪು ತುಕ್ಕು ಇನ್ನೂ ಹಸಿದಿರುತ್ತದೆ, ಕಬ್ಬಿಣವನ್ನು ತಿನ್ನುತ್ತಲೇ ಇರುತ್ತದೆ. ಕಪ್ಪು ತುಕ್ಕು ಹೊಟ್ಟೆ ತುಂಬಿ ಮಲಗಿದ್ದು, ಅದೇ ಕಬ್ಬಿಣಕ್ಕೆ ಹೊದಿಕೆ. ಅದರಡಿಯಲ್ಲೇ ಕೆತ್ತನೆ, ಮಾಡಿದವನ ಮುದ್ರೆ ಎಲ್ಲ ಉಳಿದಿರುತ್ತದೆ. ನಿನ್ನ ಅಮ್ಮನ ಒಲೆಯ ಮೇಲೆ ಉದ್ದನೆಯ ತಗಡಿನ ತೊಟ್ಟಿ ಇಟ್ಟು ನಳಿಗೆಯನ್ನು ಕುದಿಸುತ್ತಿದ್ದಾಗ ನೀನು ಸ್ಟೂಲಿನ ಮೇಲೆ ಹತ್ತಿ ನಿಂತು ನೋಡುತ್ತಿದ್ದೆ. ಕುದಿಯುತ್ತ ಕುದಿಯುತ್ತ ಕೆಂಪೆಲ್ಲ ಕಪ್ಪಾದಾಗ “ಅಪ್ಪಾ, ಕೆಂಪು ಎಲ್ಲಿ ಹೋಯ್ತು?” ಎಂದು ಕೇಳಿದೆ. “ಬುದ್ಧಿ ಬಂತು ಅದಕ್ಕೆ” ಎಂದ. ಆಮೇಲೆ ಮೆತ್ತಗಿನ ಬ್ರಷ್ಷು, ಎಣ್ಣೆ, ಮೇಣ, ಅಷ್ಟೇ. ಉಪ್ಪುಕಾಗದ ಹಿಡಿದು ಯಾರಾದರೂ ಬಂದರೆ ಮನೆಯೊಳಗೆ ಬಿಡುತ್ತಿರಲಿಲ್ಲ. ಯಾರೋ ಸಾಹುಕಾರ ತನ್ನ ತಾತನ ಪಿಸ್ತೂಲನ್ನು ಪಳಪಳ ಎನ್ನುವ ಹಾಗೆ ಉಜ್ಜಿಸಿಕೊಂಡು ತೋರಿಸಲು ಬಂದಾಗ ಇವನು ಅದನ್ನು ಕೈಗೆ ತೆಗೆದುಕೊಳ್ಳಲೇ ಇಲ್ಲ. “ತಾತನ ಮುಖದ ಚರ್ಮ ಸುಲಿದು ಎಷ್ಟು ಬೆಳ್ಳಗಿದ್ದಾರೆ ನೋಡಿ ಅಂತೀರಲ್ಲ” ಎಂದುಬಿಟ್ಟ. ಆ ಮನುಷ್ಯ ಮತ್ತೆ ಈ ಬೀದಿಗೆ ಕಾಲಿಡಲಿಲ್ಲ.

ಈಗ ಮುದುಕಿಯ ವಿಷಯ. ಕೆರೆಯ ಹೂಳೆತ್ತುವಾಗ ಸಿಕ್ಕಿತು ಎಂದು ಗುಜರಿಯವನು ತಂದುಕೊಟ್ಟಾಗ ಅದು ಬಂದೂಕು ಎಂದು ನಂಬುವುದೇ ಕಷ್ಟವಿತ್ತು. ಕೆಸರು, ಬಸವನಹುಳುವಿನ ಚಿಪ್ಪು, ತುಕ್ಕು ಎಲ್ಲ ಸೇರಿ ಸುಟ್ಟ ಕೊರಡಿನ ಹಾಗಿತ್ತು. ಮರ ಒಂದು ಚೂರೂ ಉಳಿದಿರಲಿಲ್ಲ, ಹಾಗಾಗಿ ನನಗೆ ಕೆಲಸವಿಲ್ಲ. ಅವನು ಅದನ್ನು ಎಣ್ಣೆಯಲ್ಲಿ ಮಲಗಿಸಿ ಒಂದು ವರ್ಷ ಮಾತಾಡಿಸಲೇ ಇಲ್ಲ. ಆಮೇಲೆ ದಿನಕ್ಕೆ ಉಗುರಗಲದಷ್ಟು, ಹಿತ್ತಾಳೆಯ ಮೊಂಡು ಚೂರಿಯಿಂದ ಕೆರೆಯುತ್ತ ಹೋದ. ನಳಿಗೆಯ ಎಡಗಡೆ ಒಂದು ದಿನ ಬೆಳ್ಳಿ ತಂತಿಯ ಬಳ್ಳಿ ಕಾಣಿಸಿತು. ಇನ್ನೂ ಎಷ್ಟೋ ದಿನದ ಮೇಲೆ ಬಳ್ಳಿಯ ತುದಿಯಲ್ಲಿ ಒಂದು ಹಕ್ಕಿ. ಅಕ್ಕಿಕಾಳಿನಷ್ಟು ಹಕ್ಕಿ, ಗುಂಡು! ತಲೆ ಹಿಂದಕ್ಕೆ ತಿರುಗಿಸಿ ತನ್ನ ರೆಕ್ಕೆಯನ್ನೇ ಕೊಕ್ಕಿನಿಂದ ಕೆದಕುತ್ತಿತ್ತು. ನಿನ್ನ ಅಪ್ಪ ಮೆಟ್ಟಿಲು ಹಾರಿಕೊಂಡು ನನ್ನ ಶೆಡ್ಡಿಗೆ ಬಂದು, ಉಸಿರು ಹಿಡಿಯಲಾರದೆ “ಹಕ್ಕಿ, ಹಕ್ಕಿ” ಎಂದಷ್ಟೇ ಹೇಳಿದ. ಸಾಕಿದ ಹಕ್ಕಿ ಯಾವುದಾದರೂ ಹಾರಿಹೋಯಿತೇನೋ ಎಂದುಕೊಂಡು ನಾನು ಆಕಾಶ ನೋಡಿದೆ.

ಕಳೆದ ವರ್ಷದ್ದು ನಿನಗೆ ಗೊತ್ತು. ಹಾಲು ತರಲು ಹೋದವನು ಬಸ್ ನಿಲ್ದಾಣದಲ್ಲಿ ನಿಂತಿದ್ದು, ಕನ್ನಡಕ ಹಾಕಿಕೊಂಡೇ ಕನ್ನಡಕ ಹುಡುಕಿ ನಿನ್ನ ಅಮ್ಮನನ್ನು ಗದರಿದ್ದು, ಆಮೇಲೆ ಡಾಕ್ಟರು ಮರೆವಿನ ಕಾಯಿಲೆ ಎಂದು ಹೇಳಿದ್ದು. ಅಂದಿನಿಂದ ಹಿಂದಿನ ಕೋಣೆಯ ಬಾಗಿಲು ಮುಚ್ಚಿಯೇ ಇತ್ತು. ನಾನು ಸಂಜೆ ಹೋಗಿ ಪಕ್ಕದಲ್ಲಿ ಕೂರುತ್ತಿದ್ದೆ. ಕೆಲವು ದಿನ ನಾಲ್ಕು ಮಾತು, ಕೆಲವು ದಿನ ಅದೂ ಇಲ್ಲ.

ಹೀಗಿರುವಾಗ ಒಂದು ಬೆಳಗ್ಗೆ ತಾನಾಗಿಯೇ ಎದ್ದು, ಆ ಬಾಗಿಲು ತೆಗೆದು, ಒಳಗೆ ಹೋಗಿ ಕೂತನಂತೆ. ನಿನ್ನ ಅಮ್ಮ ಹೇಳಿದಳು, “ಉಜ್ಜೋ ಸದ್ದು ಕೇಳಿಸ್ತು ಅಣ್ಣಾ. ಬಾಗಿಲ ಹೊರಗೇ ನಿಂತು ಕೇಳಿಸ್ಕೊಂಡೆ. ಚಹಾ ಮಾಡಿ ಒಳಗಿಟ್ಟು ಬಂದೆ, ಮಾತಾಡಿಸಲಿಲ್ಲ, ಎಲ್ಲಿ ಎದ್ದುಬಿಡ್ತಾರೋ ಅಂತ.” ದಿನವಿಡೀ ಆ ಸದ್ದು ಬಂತಂತೆ. ಸಂಜೆ ನನಗೆ ಹೇಳಿ ಕಳಿಸಿದಳು. ನಾನೂ ಚಪ್ಪಲಿ ಹುಡುಕದೆ ಓಡಿದೆ.

ಮುಂದಿನ ಕೋಣೆಯಲ್ಲಿ ಕೆಳಗಿನ ದರ್ಜಿ, ಅವನ ಹೆಂಡತಿ, ಎದುರುಮನೆಯವರು, ಎಲ್ಲ ನಿಂತಿದ್ದರು. ನಿನ್ನ ಅಪ್ಪ ಮಧ್ಯದಲ್ಲಿ, ಕೈಯಲ್ಲಿ ಮುದುಕಿ. ಅದು ಮುದುಕಿ ಎಂದು ಹಿಡಿಯುವುದಕ್ಕೇ ನನಗೆ ಹೊತ್ತು ಹಿಡಿಯಿತು. ಸ್ಟೀಲಿನ ಪೈಪಿನ ಹಾಗೆ ಬಿಳಿ. ದೀಪ ಅದರೊಳಗೆ ಕಾಣುತ್ತಿತ್ತು. ಒರಟು ಉಪ್ಪುಕಾಗದ, ನಯದ ಉಪ್ಪುಕಾಗದ, ಆಮೇಲೆ ಪಾಲಿಶ್ ಬಟ್ಟೆ, ಎಲ್ಲವನ್ನೂ ನನ್ನದೇ ಪೆಟ್ಟಿಗೆಯಿಂದ ತೆಗೆದುಕೊಂಡಿದ್ದ. ಮರಕ್ಕೆಂದು ನಾನು ಅಲ್ಲಿಟ್ಟಿದ್ದವು. “ನೋಡೋ, ಈಗಷ್ಟೇ ಅಂಗಡಿಯಿಂದ ತಂದ ಹಾಗಿಲ್ವಾ?” ಎಂದ. “ಯಾರೋ ಇದನ್ನ ಹಾಳು ಮಾಡಿಟ್ಟಿದ್ರು ಕಣೋ. ಬರೀ ಕಪ್ಪು.”

ನಾನು ಕೈಗೆ ತೆಗೆದುಕೊಂಡೆ. ಹೆಬ್ಬೆರಳನ್ನು ಎಡಗಡೆಗೆ ಒಯ್ದೆ. ಬಳ್ಳಿ ಇಲ್ಲ. ಹಕ್ಕಿ ಇಲ್ಲ. ಗಾಜಿನ ಮೇಲೆ ಬೆರಳಿಟ್ಟ ಹಾಗೆ ಜಾರಿತು. ಆ ಹೊತ್ತು ನನಗೆ ಬಂದೂಕಿನ ದುಃಖವಾಗಲಿಲ್ಲ. ಹೋದರೆ ಹೋಗಲಿ, ಕೆರೆಯಲ್ಲೇ ಬಿದ್ದಿದ್ದರೂ ಹೋಗುತ್ತಿತ್ತು. ಆ ಹಕ್ಕಿಯನ್ನು ಹುಡುಕಿ ತೆಗೆದ ಮನುಷ್ಯನೇ ಇಲ್ಲವಲ್ಲ ಎನ್ನುವುದೇ ದುಃಖ. ನಿನ್ನ ಅಪ್ಪ ಊಟ ಮರೆಯಲಿ, ದಾರಿ ಮರೆಯಲಿ, ವಯಸ್ಸಾದ ಮೇಲೆ ಅದೆಲ್ಲ ಯಾರಿಗೂ ಬರುವುದೇ. ಕಪ್ಪನ್ನು ಮುಟ್ಟುವ ತುಕ್ಕಣ್ಣ ಅಂದರೆ ಅವನು ಬೇರೆ ಯಾರೋ. “ಚೆನ್ನಾಗಿದೆ ಕಣೋ” ಎಂದೆ. ಬೇರೆ ಏನು ಹೇಳಲಿ ಹೇಳು? ಅವನು ಮಗುವಿನ ಹಾಗೆ ನಗುತ್ತಿದ್ದ. ಆಗಲೇ ದರ್ಜಿ ಆ ಫೋಟೋ ತೆಗೆದದ್ದು. ಅದರಲ್ಲಿ ಒಂದು ಮೂಲೆಯಲ್ಲಿ ನನ್ನ ಅರ್ಧ ಮುಖ ಇರಬಹುದು, ಅದನ್ನು ನೋಡಿದ್ದರೆ ನಿನಗೆ ಅರ್ಥವಾಗಿಬಿಡುತ್ತಿತ್ತು.

ನಿನ್ನ ಅಮ್ಮ ಮುದುಕಿಯನ್ನು ಬಾಗಿಲ ಎದುರಿನ ಮೊಳೆಗೆ ತೂಗುಹಾಕಿದಳು. ಬಂದವರೆಲ್ಲ ಹೊಗಳಿದರು. “ನಿಮ್ಮ ಯಜಮಾನರು ಮೊದಲಿನ ಹಾಗಾದ್ರು” ಎಂದರು. ನಾನು ಬಾಯಿಗೆ ಬೀಗ ಹಾಕಿಕೊಂಡೆ. ಆ ಮನೆಯಲ್ಲಿ ಎಂಟು ತಿಂಗಳ ಮೇಲೆ ನಗು ಬಂದಿತ್ತು, ನಿನ್ನ ಅಮ್ಮ ಹೊಸ ಸೀರೆ ಉಟ್ಟಿದ್ದಳು. ಅದನ್ನು ನಿಲ್ಲಿಸುವ ಪಾಪಿ ನಾನೇಕಾಗಲಿ ಎಂದುಕೊಂಡೆ. ಅಷ್ಟರಲ್ಲಿ ನಿನ್ನ ಕಾಗದವೂ ಬಂತು.

ಇನ್ನು ಕಳೆದ ಸೋಮವಾರದ್ದು. ಬೆಂಚಿನ ಕೆಳಗೆ ಒಂದು ಪೆಟ್ಟಿಗೆ ಇತ್ತಲ್ಲ, ಇನ್ನೂ ಕೈಹಾಕದ ತುಂಡುಗಳನ್ನು ಹಾಕಿಡುವುದು, ನೀನು ಅದಕ್ಕೆ ಆಸ್ಪತ್ರೆ ಎನ್ನುತ್ತಿದ್ದೆ. ನಾನು ಹೋದಾಗ ಅವನು ಅದರಿಂದ ಒಂದು ಗಿಡ್ಡ ಪಿಸ್ತೂಲು ತೆಗೆದು ಬೆಂಚಿನ ಮೇಲಿನ ಹಿಡಿಕದ ದವಡೆಯಲ್ಲಿ ಬಿಗಿದಿದ್ದ. ತುಕ್ಕು ಹಿಡಿದ ತಿರುಪು ಬಿಚ್ಚಲೆಂದು ಬೆಂಕಿಯ ದೀಪ ಹಚ್ಚಿ, ಅದರ ನೀಲಿ ನಾಲಿಗೆಯನ್ನು ಪಿಸ್ತೂಲಿನ ಬುಡಕ್ಕೆ ಹಿಡಿಯುವುದರಲ್ಲಿದ್ದ. ಪಿಸ್ತೂಲಿನ ಬಾಯಿ ಅಡುಗೆಮನೆಯ ಕಡೆಗಿತ್ತು. ಅಲ್ಲಿ ನಿನ್ನ ಅಮ್ಮ ಬೆನ್ನು ತಿರುಗಿಸಿ ಪಾತ್ರೆ ತೊಳೆಯುತ್ತಿದ್ದಳು.

“ಕಡ್ಡಿ ಹಾಕಿದ್ಯೇನೋ?” ಎಂದೆ. ಅವನು ದೀಪವನ್ನು ಇನ್ನಷ್ಟು ಹತ್ತಿರ ಒಯ್ದ. ದೀಪ ಕಿತ್ತುಕೊಂಡು ಆರಿಸಿದೆ. “ನನ್ನ ಕೆಲಸಕ್ಕೆ ಕೈ ಹಾಕ್ತೀಯಾ?” ಎಂದು ಎದೆಗೆ ಕೈಯಿಟ್ಟು ದಬ್ಬಿದ. ಗೋಡೆಯ ಮೇಲಿದ್ದ ಕಡ್ಡಿ ತೆಗೆದು ಪಿಸ್ತೂಲಿನೊಳಗೆ ಇಳಿಸಿದೆ. ಅಳೆದು ನೋಡಿದರೆ ನಾಲ್ಕು ಬೆರಳಗಲ ಗಿಡ್ಡ. ಕಡ್ಡಿಯನ್ನು ಅವನ ಕಣ್ಣ ಮುಂದೆ ಹಿಡಿದೆ. ಅವನು ಅದನ್ನು ತಿರುಗಿಸಿ ತಿರುಗಿಸಿ ನೋಡಿದ. ಸಿಟ್ಟೆಲ್ಲ ಇಳಿದುಹೋಗಿತ್ತು. “ಈ ಕಡ್ಡಿ ಯಾತಕ್ಕೆ?” ಎಂದು ಮೆಲ್ಲಗೆ ಕೇಳಿದ.

ಆ ಪಿಸ್ತೂಲನ್ನು ನನ್ನ ಶೆಡ್ಡಿಗೆ ತಂದು, ಎಣ್ಣೆ ಹೊಯ್ದು ನೆನೆಸಿ, ನಿನ್ನ ಅಪ್ಪ ಕಲಿಸಿದ ಹಾಗೆಯೇ ತಿರುಪುಮೊನೆಯ ಸರಳಿನಿಂದ ಒಳಗಿದ್ದದ್ದನ್ನು ಬಿಡಿಸಿದೆ. ಸೀಸದ ಗುಂಡು ಬಂತು, ಬಟ್ಟೆಯ ಬಿರಡೆ ಬಂತು, ಅದರ ಹಿಂದೆ ಮದ್ದು. ಎಣ್ಣೆ ಅಷ್ಟು ದೂರ ಇಳಿದೇ ಇರಲಿಲ್ಲ, ಪುಡಿ ಇನ್ನೂ ಒಣಗಿಯೇ ಇತ್ತು. ಬಕೆಟ್ ನೀರಿಗೆ ಸುರಿದೆ.

ಮರುದಿನ ನಿನ್ನ ಅಮ್ಮನನ್ನು ಕೂರಿಸಿಕೊಂಡು ಹೇಳಬೇಕೆಂದು ಹೋದೆ. ಹೇಗೆ ಶುರುಮಾಡಲಿ ಎಂದು ನಾನು ಗಂಟಲು ಸರಿಮಾಡಿಕೊಳ್ಳುತ್ತಿದ್ದರೆ ಅವಳೇ ಮೊದಲು ಹೇಳಿದಳು. “ಅಣ್ಣಾ, ಆ ದಿನ ಎಲ್ಲರೂ ಹೊಗಳಿದ್ರು. ನೀವೊಬ್ಬರು ಚಹಾ ಕುಡೀದೆ ಎದ್ದು ಹೋದ್ರಿ. ನಾನು ನೋಡಿದೆ. ಮೂವತ್ತು ವರ್ಷ ಇದೇ ಮನೇಲಿ ಕಪ್ಪು ಕೆಂಪು ಅಂತ ಕೇಳ್ಕೊಂಡು ಬಂದೋಳು ನಾನು, ನನಗೆ ಗೊತ್ತಾಗಲ್ವಾ? ಯಾಕೆ ಹಾಗೆ ಹೋದ್ರಿ ಅಂತ ನಿಮ್ಮನ್ನ ಕೇಳಲಿಲ್ಲ. ಕೇಳಿದ್ರೆ ನೀವು ಹೇಳಿಬಿಡ್ತೀರಿ. ನಾಲ್ಕು ದಿನ ಸಂತೋಷವಾಗಿರೋಣ ಅಂತ ಆಸೆ ಆಯ್ತು.” ಇಷ್ಟು ಹೇಳಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಆಮೇಲೆ ಕಣ್ಣೊರೆಸಿಕೊಂಡು “ಅವಳಿಗೆ ನೀವೇ ಬರೀರಿ. ಫೋಟೋ ಕಳಿಸಿದ ಕೈಯಿಂದ ನನಗೆ ಇದನ್ನ ಬರೆಯೋಕಾಗಲ್ಲ” ಎಂದಳು. ನೀನೂ ಅವಳ ಮಗಳೇ ತಾನೇ. ಆ ಹೊಳಪು ನೋಡಿದಾಗ ನಿನಗೂ ಒಂದು ಕ್ಷಣ ಏನೋ ಚುಚ್ಚಿರಬೇಕು. ಸಂತೋಷ ಮನೆಬಾಗಿಲಿಗೆ ಬಂದಾಗ ಯಾರೂ ಅದಕ್ಕೆ ಕಡ್ಡಿ ಹಾಕಿ ನೋಡುವುದಿಲ್ಲ. ಅದಕ್ಕೆ ನಿನ್ನ ಮೇಲಾಗಲಿ ಅವಳ ಮೇಲಾಗಲಿ ನನಗೆ ಎಳ್ಳಷ್ಟೂ ಬೇಸರವಿಲ್ಲ.

ಈಗ ಮಾಡಬೇಕಾದದ್ದು. ಆಸ್ಪತ್ರೆಯ ಪೆಟ್ಟಿಗೆಯನ್ನೂ ಬೆಂಕಿಯ ದೀಪವನ್ನೂ ನಾನು ಆಗಲೇ ತಂದಿಟ್ಟುಕೊಂಡಿದ್ದೇನೆ. ಗೋಡೆಯ ಮೇಲಿನವಕ್ಕೆಲ್ಲ ಹಿಂದೆಯೇ ಕಡ್ಡಿ ಹಾಕಿ ನೋಡಿದ್ದಾಗಿದೆ, ಅವುಗಳಿಂದ ಅಪಾಯವಿಲ್ಲ. ಆದರೆ ಉಪ್ಪುಕಾಗದ ಎಲ್ಲಾದರೂ ಸಿಕ್ಕರೆ ಅವನು ಒಂದೊಂದನ್ನೇ ಬೆಳ್ಳಗೆ ಮಾಡುತ್ತಾನೆ. ಹಾಗಾಗಿ ಅವನ್ನೂ ಇಳಿಸಿ ಸಾಗಿಸಬೇಕು ಎಂದು ನಿನ್ನ ಅಮ್ಮನೂ ನಾನೂ ಮಾತಾಡಿಕೊಂಡಿದ್ದೇವೆ. ನೀನು ಬರುವವರೆಗೆ ಮುಟ್ಟುವುದಿಲ್ಲ. ಯಾಕೆಂದರೆ ಗುಂಡು, ಅವನು ಕಡ್ಡಿ ಮರೆತಿದ್ದಾನೆ, ಕಪ್ಪು ಮರೆತಿದ್ದಾನೆ, ಆದರೆ ಆ ಗೋಡೆಯ ಮುಂದೆ ಕೂರಿಸಿದರೆ ಈಗಲೂ ಒಂದೊಂದನ್ನೂ ತೋರಿಸಿ ಎಲ್ಲಿ ಸಿಕ್ಕಿತು, ಯಾವ ಮಳೆಯಲ್ಲಿ ನೆಂದು ತಂದೆವು, ಎಲ್ಲ ಹೇಳುತ್ತಾನೆ. ಮಧ್ಯೆ ನಿನ್ನ ಸುದ್ದಿ ಬಂದೇ ಬರುತ್ತದೆ. “ಇದನ್ನ ತಂದ ದಿನ ಗುಂಡುಗೆ ಜ್ವರ ಇತ್ತು” ಎನ್ನುತ್ತಾನೆ. “ಗುಂಡು ಯಾವಾಗ ಬರ್ತಾಳೆ?” ಎಂದು ದಿನವೂ ಕೇಳುತ್ತಾನಂತೆ. ಕೆಲವು ಸಲ ನೀನು ಶಾಲೆಯಲ್ಲಿ ಕಲಿಯುವವಳು, ಕೆಲವು ಸಲ ಕಲಿಸುವವಳು, ಆದರೆ ನೀನು ನೀನೇ. ಇದು ಬೇಸಿಗೆಯವರೆಗೆ ಉಳಿಯುತ್ತದೆ ಎಂದು ನಾನು ಮಾತು ಕೊಡಲಾರೆ. ಪರೀಕ್ಷೆ ನೋಡಿಕೊಳ್ಳಲು ಇನ್ನೊಬ್ಬ ಮೇಷ್ಟರು ಸಿಗುತ್ತಾರೆ. ನೀನು ಹೊರಟು ಬಾ. ಮಗುವನ್ನೂ ಕರೆದುಕೊಂಡು ಬಾ.

ಹೆಚ್ಚಿಗೆ ಅಳಬೇಡ ಎಂದು ಬರೆಯಲು ಹೊರಟೆ, ಬರೆಯುತ್ತಿರುವವನ ಕಣ್ಣೇ ಸರಿಯಿಲ್ಲ. ಅತ್ತುಬಿಡು. ಅಳಿಯಂದಿರಿಗೆ ನನ್ನ ನಮಸ್ಕಾರ. ಮಗುವಿಗೆ ಒಂದು ಮರದ ಕುದುರೆ ಮಾಡಿಟ್ಟಿದ್ದೇನೆ, ಕಿವಿ ಒಂದು ದೊಡ್ಡದು ಒಂದು ಚಿಕ್ಕದಾಗಿದೆ, ಬೈದುಕೊಳ್ಳದೆ ಆಡಲಿ. ನಿನ್ನ ಮನೆಯಲ್ಲಿ ದೀಪ ಚೆನ್ನಾಗಿ ಉರಿಯಲಿ, ನಿನ್ನ ಕೈಗೆ ಶಕ್ತಿ ಇರಲಿ, ಮಗು ನಿನ್ನಷ್ಟೇ ತುಂಟಿಯಾಗಿ ಬೆಳೆಯಲಿ.

ಇಂತು ನಿನ್ನ
ಮರದ ಮಾವ

ಮರೆತ ಮಾತು: ಮರೆತದ್ದಲ್ಲ, ಬರೆಯುವುದು ಬೇಡ ಎಂದಿದ್ದೆ. ಆದರೆ ಗೊತ್ತಿಲ್ಲದೆ ಬಂದರೆ ನೀನು ಬೆಚ್ಚಿಬೀಳುತ್ತೀಯ, ಅದಕ್ಕೆ ಲಕೋಟೆ ಅಂಟಿಸುವ ಮೊದಲು ಬರೆಯುತ್ತಿದ್ದೇನೆ. ಮೊನ್ನೆ ಬುಧವಾರ ಹೋದಾಗ ನಿನ್ನ ಅಪ್ಪ ಎದ್ದು ನಿಂತು “ಬನ್ನಿ, ಕೂತ್ಕೊಳ್ಳಿ” ಎಂದ. ತಮಾಷೆ ಎಂದುಕೊಂಡೆ. “ಮರದ ಕೆಲಸಕ್ಕೆ ಬಂದಿದ್ದೀರಾ? ಅದು ಈಗ ಆಗಲ್ಲ. ಆ ಕೆಲಸ ಮಾಡ್ತಿದ್ದವನು ಹೋಗಿಬಿಟ್ಟ” ಎಂದ. ಯಾರು ಎಂದು ಕೇಳಿದೆ. “ನನ್ನ ಗೆಳೆಯ. ನಮ್ಮ ಗುಂಡು ಅವನನ್ನ ಮರದ ಮಾವ ಅಂತಿದ್ಲು” ಎಂದು ಹೇಳುತ್ತ ಹೇಳುತ್ತ ಅಳಲು ಶುರುಮಾಡಿದ. ನಾನು ಅವನ ಕೈ ಹಿಡಿದುಕೊಂಡು ಕೂತೆ. ‘ಇಲ್ಲೇ ಇದ್ದೀನಲ್ಲೋ’ ಎಂದು ನಾಲಿಗೆಯ ತುದಿಗೆ ಬಂದಿತ್ತು. ಅವನ ಮುಖ ನೋಡಿದೆ, ಹೇಳಲಾಗಲಿಲ್ಲ. “ಒಳ್ಳೆಯವನಾಗಿದ್ನಾ?” ಎಂದು ಕೇಳಿದೆ. “ಬಾಯಿ ಜಾಸ್ತಿ. ಕೈ ಮಾತ್ರ ಬಂಗಾರ” ಎಂದ. ಇಷ್ಟು ವರ್ಷದಲ್ಲಿ ಒಂದು ದಿನವೂ ಆ ಮಾತನ್ನು ನನ್ನೆದುರಿಗೆ ಆಡಿದವನಲ್ಲ.

ಈಗ ದಿನವೂ ಹೋಗುತ್ತೇನೆ, ದಿನವೂ ಅವನಿಗೆ ನಾನು ಸತ್ತಿರುತ್ತೇನೆ. ನಿನಗೆ ಈ ಸುದ್ದಿ ಹೇಗೆ ಹೇಳುವುದು ಎನ್ನುವುದೇ ಅವನ ಚಿಂತೆ. “ಫೋನಲ್ಲಿ ಹೇಳೋದಲ್ಲ ಇದು, ಅವಳು ಬಂದಾಗ ಹತ್ತಿರ ಕೂರಿಸ್ಕೊಂಡು ಹೇಳ್ತೀನಿ” ಎನ್ನುತ್ತಾನೆ. ನೀನು ಬರುವ ದಿನ ನಾನು ನಿಲ್ದಾಣಕ್ಕೆ ಬಂದು, ನಿನ್ನ ಚೀಲ ಹೊತ್ತುಕೊಂಡು ದರ್ಜಿಯ ಅಂಗಡಿಯವರೆಗೆ ಬರುತ್ತೇನೆ, ಮೇಲೆ ಬರುವುದಿಲ್ಲ. ಅವನು ಹೇಳುವಾಗ ತಿದ್ದಬೇಡ, ಮಾವ ಈಗ ಕೆಳಗೇ ಇದ್ದಾರೆ ಎನ್ನಬೇಡ. ಅವನ ಪಕ್ಕದಲ್ಲಿ ಕೂತು ನನಗಾಗಿ ಸ್ವಲ್ಪ ಅತ್ತುಬಿಡು. ಪಾಪ, ಅವನು ಒಬ್ಬನೇ ಅಳುತ್ತಿದ್ದಾನೆ.